ಲೈಕ್‌ನಿಂದ ಲಸಿಕೆ ಬರುವುದಿಲ್ಲ: ಸ್ವಯಂಸೇವಾ ಸಂಸ್ಥೆಗಳು ಸೋಷಿಯಲ್ ಮೀಡಿಯಾ ಬಳಸುವ ಬಗೆ

ಟ್ರಸ್ಟಿಗಳ ಸಭೆ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಎಲ್ಲರೂ ಇನ್‌ಸ್ಟಾಗ್ರಾಮ್‌ನಲ್ಲಿದ್ದಾರೆ, ನಾವ್ಯಾಕಿಲ್ಲ?" ಉತ್ತರ ಯಾರ ಬಳಿಯೂ ಇರುವುದಿಲ್ಲ, ಕೆಲಸ ಮಾತ್ರ ಅಲ್ಲಿರುವ ಎಲ್ಲರಿಗಿಂತ ಚಿಕ್ಕವರ ಹೆಗಲಿಗೆ ಬೀಳುತ್ತದೆ. ಅವರು ಖಾತೆ ತೆರೆದು ಲೋಗೊ ಹಾಕುತ್ತಾರೆ, ದಿನಕ್ಕೊಂದು ಶುಭಾಶಯದ ಚಿತ್ರ ಏರಿಸುತ್ತಾರೆ. ಮೂರು ತಿಂಗಳ ಮೇಲೆ ನೋಡಿದರೆ ನಾನೂರು ಫಾಲೋವರ್‌ಗಳು, ಅವರಲ್ಲಿ ಅರ್ಧ ಟ್ರಸ್ಟಿಗಳ ನೆಂಟರಿಷ್ಟರು. ದೇಣಿಗೆಯೂ ಇಲ್ಲ, ಕೈಜೋಡಿಸಲು ಹೊಸಬರೂ ಇಲ್ಲ. "ಇದೆಲ್ಲ ನಮ್ಮಂಥವರಿಗಲ್ಲ ಬಿಡಿ" ಎಂದು ಮುಂದಿನ ಸಭೆಯಲ್ಲಿ ಷರಾ ಬೀಳುತ್ತದೆ.

ಈ ಜಾಲತಾಣಗಳು ಒಳಗಿನಿಂದ ಹೇಗೆ ನಡೆಯುತ್ತವೆ, ಅವುಗಳಿಂದ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂದು ಯಾರಾದರೂ ಮೊದಲೇ ಕೂತು ಹೇಳಿದ್ದರೆ ಆ ಮೂರು ತಿಂಗಳು ಬೇರೆ ಥರ ಕಳೆಯುತ್ತಿತ್ತು. ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಐದಾರು ಜನರ ಒಂದು ಗುಂಪು ಇದೆ ಅಂದುಕೊಳ್ಳಿ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಡುವುದು ಅವರ ಕೆಲಸ. ಅವರಿಗೆ ಬೇಕಿರುವುದು ಮುಖ್ಯವಾಗಿ ಓದುವ ದನಿಗಳು, ಆಮೇಲೆ ಒಂದಿಷ್ಟು ಹಣ.

ಅಂಗಡಿಗೂ ಸಂಸ್ಥೆಗೂ ಇರುವ ವ್ಯತ್ಯಾಸ

ಲಾಭರಹಿತ ಸಂಸ್ಥೆ ಎಂದರೆ ಹಣವನ್ನೇ ಮುಟ್ಟದ ಸಂಸ್ಥೆ ಎಂದು ಅರ್ಥವಲ್ಲ. ಅದಕ್ಕೂ ಆದಾಯವಿರುತ್ತದೆ, ಸಂಬಳ, ಬಾಡಿಗೆ, ಕರೆಂಟ್ ಬಿಲ್ ಎಲ್ಲ ಇರುತ್ತದೆ. ಉಳಿದ ಹಣವನ್ನು ಮಾಲೀಕರು ಹಂಚಿಕೊಳ್ಳುವಂತಿಲ್ಲ, ಅದು ಮತ್ತೆ ಕೆಲಸಕ್ಕೇ ಹೋಗಬೇಕು ಎನ್ನುವುದಷ್ಟೇ ನಿಯಮ.

ಅಂಗಡಿಯಲ್ಲಿ ಹಣ ಕೊಟ್ಟವರೇ ವಸ್ತು ಮನೆಗೊಯ್ಯುತ್ತಾರೆ. ಚೆನ್ನಾಗಿಲ್ಲದಿದ್ದರೆ ಮಾರನೆ ದಿನ ಜಗಳಕ್ಕೆ ಬರುತ್ತಾರೆ. ಸ್ವಯಂಸೇವಾ ಸಂಸ್ಥೆಯಲ್ಲಿ ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಕೊಟ್ಟದ್ದು ಏನಾಯಿತೆಂದು ಕೊಟ್ಟವರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಇಡೀ ವ್ಯವಹಾರ ನಂಬಿಕೆಯ ಮೇಲೆ ನಿಂತಿದೆ. ಮೊದಲು ಆ ನಂಬಿಕೆಗೆ ಆಧಾರವಾಗಿ ವರ್ಷಕ್ಕೊಂದು ವಾರ್ಷಿಕ ವರದಿ ಅಂಚೆಯಲ್ಲಿ ಬರುತ್ತಿತ್ತು. ಈಗ ಬೇಕೆಂದಾಗ ಕಿಟಕಿ ತೆರೆದು ಒಳಗಿನ ಕೆಲಸ ತೋರಿಸಬಹುದು. ಸೋಷಿಯಲ್ ಮೀಡಿಯಾದಿಂದ ಸಂಸ್ಥೆಗಳಿಗಾಗುವ ದೊಡ್ಡ ಉಪಕಾರ ಇದೇ ಎಂದು ನನಗನ್ನಿಸುತ್ತದೆ. ಪ್ರಚಾರ ಆಮೇಲಿನ ಮಾತು.

ಬಾಡಿಗೆ ಮನೆಯ ಲೆಕ್ಕ

ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್, ಎಕ್ಸ್ ಇವೆಲ್ಲ ಬಳಸಲು ಉಚಿತ. ಹಾಗಾದರೆ ಅವು ಬದುಕುವುದು ಹೇಗೆ? ಹೆಚ್ಚಿನ ಮಟ್ಟಿಗೆ ಜಾಹೀರಾತಿನಿಂದ. ಜನ ಎಷ್ಟು ಹೊತ್ತು ಕೂತು ನೋಡುತ್ತಾರೋ ಅಷ್ಟು ಜಾಹೀರಾತು ತೋರಿಸಬಹುದು. ಆದ್ದರಿಂದ ಯಾರಿಗೆ ಏನು ತೋರಿಸಿದರೆ ಅವರು ಇನ್ನೊಂದು ನಿಮಿಷ ನಿಲ್ಲುತ್ತಾರೆ ಎಂದು ಕಂಪ್ಯೂಟರ್ ಪ್ರತಿ ಕ್ಷಣ ಅಂದಾಜು ಹಾಕುತ್ತಿರುತ್ತದೆ. ಹಾಗೆ ಅಂದಾಜು ಹಾಕುವ ನಿಯಮಗಳ ಕಟ್ಟಿಗೆ ಅಲ್ಗಾರಿದಮ್ ಎನ್ನುತ್ತಾರೆ. ಬೆರಳಿನಿಂದ ಸರಿಸುತ್ತಾ ಹೋದಂತೆ ಪರದೆಯ ಮೇಲೆ ಬರುವ ಸಾಲಿಗೆ ಫೀಡ್ ಎಂದು ಹೆಸರು.

ಇದರ ಪರಿಣಾಮ ಏನೆಂದರೆ, ಸಾವಿರ ಜನ ನಿಮ್ಮನ್ನು ಫಾಲೋ ಮಾಡಿದರೂ ನಿಮ್ಮ ಪೋಸ್ಟ್ ಸಾವಿರ ಜನರಿಗೂ ಕಾಣುವುದಿಲ್ಲ. ಮೊದಲು ಕೆಲವರಿಗೆ ತೋರಿಸಲಾಗುತ್ತದೆ. ಅವರು ನಿಂತು ಓದಿದರೆ, ಉತ್ತರ ಬರೆದರೆ, ಬೇರೆಯವರಿಗೆ ಕಳಿಸಿದರೆ ಇನ್ನಷ್ಟು ಜನರಿಗೆ ಹೋಗುತ್ತದೆ. ಇಲ್ಲದಿದ್ದರೆ ಅಲ್ಲೇ ತಣ್ಣಗಾಗುತ್ತದೆ. ದಿನವೂ ಏರಿಸುವ ಶುಭಾಶಯದ ಚಿತ್ರಗಳು ಸೋಲುವುದು ಇಲ್ಲೇ. ಅವುಗಳ ಮುಂದೆ ಯಾರೂ ನಿಲ್ಲುವುದಿಲ್ಲ.

ಈ ನಿಯಮಗಳನ್ನು ಮನೆ ಮಾಲೀಕರು, ಅಂದರೆ ಜಾಲತಾಣದ ಕಂಪನಿಯವರು, ಯಾವಾಗ ಬೇಕಾದರೂ ಬದಲಿಸಬಹುದು. 2018ರ ಜನವರಿಯಲ್ಲಿ ಫೇಸ್‌ಬುಕ್ ಹಾಗೇ ಮಾಡಿತು. ಇನ್ನು ಮುಂದೆ ಗೆಳೆಯರ, ಮನೆಯವರ ಪೋಸ್ಟ್‌ಗಳಿಗೆ ಮೊದಲ ಜಾಗ, ಸಂಸ್ಥೆ, ಕಂಪನಿಗಳ ಪೇಜ್‌ಗಳ ಪೋಸ್ಟ್‌ಗಳು ಹಿಂದಕ್ಕೆ ಎಂದು ಘೋಷಿಸಿತು. ವರ್ಷಗಟ್ಟಲೆ ಫಾಲೋವರ್‌ಗಳನ್ನು ಕೂಡಿಸಿಕೊಂಡು ಬಂದವರು ಪೇಚಿಗೆ ಬಿದ್ದರು.

ಹಾಗಾಗಿ ಅನುಭವಿಗಳು ಮೊದಲು ಹೇಳುವ ಮಾತು: ಜಾಲತಾಣದಲ್ಲಿ ಸಿಕ್ಕವರನ್ನು ಅಲ್ಲೇ ಬಿಡಬೇಡಿ. ಅವರ ಒಪ್ಪಿಗೆ ಪಡೆದು ಇಮೇಲ್ ವಿಳಾಸವನ್ನೋ ಫೋನ್ ನಂಬರನ್ನೋ ನಿಮ್ಮದೇ ಪಟ್ಟಿಯಲ್ಲಿ ಬರೆದುಕೊಳ್ಳಿ. ಆ ಪಟ್ಟಿ ನಿಮ್ಮದು. ಫೀಡ್ ಬಾಡಿಗೆ ಮನೆ, ಅಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಇನ್ನೊಬ್ಬರನ್ನು ಕೇಳಬೇಕು.

ಲೈಕ್ ಎಂದರೆ ಏನು, ಏನಲ್ಲ

ಪೋಸ್ಟ್ ಹಾಕಿದ ಮೇಲೆ ಮೂರು ಥರದ ಅಂಕಿ ಗಮನಿಸಬೇಕು. ಎಷ್ಟು ಜನರ ಕಣ್ಣಿಗೆ ಬಿತ್ತು ಎನ್ನುವುದು ರೀಚ್. ಲೈಕ್, ಕಮೆಂಟ್, ಶೇರ್ ಹೀಗೆ ಎಷ್ಟು ಜನ ಸ್ಪಂದಿಸಿದರು ಎನ್ನುವುದು ಎಂಗೇಜ್‌ಮೆಂಟ್. ನೀವು ಕೇಳಿದ ಕೆಲಸವನ್ನು ಎಷ್ಟು ಜನ ನಿಜಕ್ಕೂ ಮಾಡಿದರು ಎನ್ನುವುದು ಕನ್ವರ್ಷನ್. ಇದೊಂದನ್ನು ಜಾಲತಾಣ ತಾನಾಗಿ ಲೆಕ್ಕ ಹಾಕಿಕೊಡುವುದು ಕಡಿಮೆ, ನೀವೇ ಎಣಿಸಬೇಕು. ಸಭಾಂಗಣಕ್ಕೆ ಹೋಲಿಸಿ ನೋಡಿ. ಬಾಗಿಲ ಮುಂದೆ ಹಾದುಹೋದವರು ರೀಚ್, ಒಳಗೆ ಬಂದು ಚಪ್ಪಾಳೆ ತಟ್ಟಿದವರು ಎಂಗೇಜ್‌ಮೆಂಟ್, ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಎತ್ತಿಡಲು ನಿಂತವರು ಕನ್ವರ್ಷನ್.

ಯುನಿಸೆಫ್‌ನ ಸ್ವೀಡನ್ ವಿಭಾಗ 2013ರಲ್ಲಿ ಇದನ್ನು ಮುಲಾಜಿಲ್ಲದೆ ಹೇಳಿತು. ನೀವು ಫೇಸ್‌ಬುಕ್‌ನಲ್ಲಿ ನಮಗೆ ಲೈಕ್ ಕೊಟ್ಟರೆ ಪೋಲಿಯೊ ಲಸಿಕೆ ಸಿಗುವ ಮಕ್ಕಳ ಸಂಖ್ಯೆ ಸೊನ್ನೆ, ಲಸಿಕೆಗೆ ಹಣ ಬೇಕು ಎಂಬರ್ಥದ ಪೋಸ್ಟರ್ ಹಾಕಿತು. ಲೈಕ್‌ಗಾಗಿ ಎಲ್ಲರೂ ಕೈಚಾಚುತ್ತಿದ್ದ ಕಾಲದಲ್ಲಿ ಅದು ಧೈರ್ಯದ ಮಾತು.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಕ್ರಿಸ್ಟಾಫರ್ಸನ್, ವೈಟ್ ಮತ್ತು ಪೆಲೋಜಾ ಎಂಬ ಮೂವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಉದ್ದೇಶಕ್ಕೆ ಎಲ್ಲರಿಗೂ ಕಾಣುವಂತೆ ಸಣ್ಣ ಬೆಂಬಲ ತೋರಿಸಿದವರಿಗಿಂತ, ಯಾರಿಗೂ ಕಾಣದಂತೆ ಬೆಂಬಲಿಸಿದವರು ಮುಂದೆ ದೊಡ್ಡ ನೆರವು ಕೊಡುವ ಸಾಧ್ಯತೆ ಹೆಚ್ಚು ಎಂದು ಕಂಡುಬಂತು. ಕಾರಣ ಊಹಿಸಲು ಕಷ್ಟವಿಲ್ಲ. ನಾಲ್ಕು ಜನರ ಮುಂದೆ ಒಳ್ಳೆಯವರೆನಿಸಿಕೊಂಡಾಯಿತು, ಇನ್ನೇನು ಬಾಕಿ? ಆದರೆ ಆ ಉದ್ದೇಶ ತಮ್ಮ ಮನಸ್ಸಿಗೂ ಹತ್ತಿರದ್ದು ಎಂದು ಅನ್ನಿಸಿದಾಗ ಈ ವ್ಯತ್ಯಾಸ ಕರಗುತ್ತದೆ ಎಂದೂ ಅದೇ ಅಧ್ಯಯನ ಹೇಳುತ್ತದೆ. ಅಂದರೆ ಲೈಕ್ ಒತ್ತಿದವರನ್ನು ಜರೆದು ಪ್ರಯೋಜನವಿಲ್ಲ. ಅವರ ಕೈಗೆ ಮುಂದಿನ ಮೆಟ್ಟಿಲು ಕೊಡಬೇಕು.

ಬಕೆಟ್ ನೀರು ಮತ್ತು ಅರ್ಧ ಗಂಟೆಯ ವಿಡಿಯೊ

ಎರಡು ಹಳೆಯ ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟರೆ ಈ ಮೆಟ್ಟಿಲಿನ ಮಾತು ಸ್ಪಷ್ಟವಾಗುತ್ತದೆ.

2014ರ ಜುಲೈ, ಆಗಸ್ಟ್‌ನಲ್ಲಿ ಜಗತ್ತಿನೆಲ್ಲೆಡೆ ಜನ ತಲೆಯ ಮೇಲೆ ಐಸ್ ನೀರು ಸುರಿದುಕೊಂಡರು. ಎಎಲ್‌ಎಸ್ ಎಂಬ ನರರೋಗದ ಬಗ್ಗೆ ಅರಿವು ಮೂಡಿಸುವ ಐಸ್ ಬಕೆಟ್ ಚಾಲೆಂಜ್ ಅದು. ಈ ಕಾಯಿಲೆಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಎಂಟು ವಾರಗಳ ಆಸುಪಾಸಿನಲ್ಲಿ ಬಂದ ದೇಣಿಗೆ 11.5 ಕೋಟಿ ಡಾಲರ್. ಆ ಹಣದ ನೆರವು ಪಡೆದ ಸಂಶೋಧಕರು 2016ರಲ್ಲಿ ಈ ರೋಗಕ್ಕೆ ಸಂಬಂಧಿಸಿದ ಎನ್‌ಇಕೆ1 ಎಂಬ ಜೀನನ್ನು ಗುರುತಿಸಿದರು.

ಎರಡು ವರ್ಷ ಮೊದಲು, 2012ರ ಮಾರ್ಚ್ 5ರಂದು, ಇನ್‌ವಿಸಿಬಲ್ ಚಿಲ್ಡ್ರನ್ ಎಂಬ ಸಂಸ್ಥೆ ಕೋನಿ 2012 ಹೆಸರಿನ ಅರ್ಧ ಗಂಟೆಯ ವಿಡಿಯೊ ಬಿಟ್ಟಿತ್ತು. ಮಕ್ಕಳ ಕೈಗೆ ಬಂದೂಕು ಕೊಟ್ಟ ಉಗಾಂಡದ ಬಂಡುಕೋರ ನಾಯಕ ಜೋಸೆಫ್ ಕೋನಿಯನ್ನು ಹಿಡಿಯಬೇಕು ಎನ್ನುವುದು ಅದರ ಕರೆ. ಆರು ದಿನದಲ್ಲಿ ಹತ್ತು ಕೋಟಿ ವೀಕ್ಷಣೆ ದಾಟಿತು. ಏಪ್ರಿಲ್ 20ರ ರಾತ್ರಿ ಎಲ್ಲ ಊರುಗಳಲ್ಲೂ ಪೋಸ್ಟರ್ ಹಚ್ಚೋಣ ಎಂದು ಕರೆ ಕೊಟ್ಟಿದ್ದರು. ಹಲವು ನಗರಗಳಲ್ಲಿ ಬಂದವರು ಬೆರಳೆಣಿಕೆ. ಕಥೆಯನ್ನು ಅತಿಯಾಗಿ ಸರಳ ಮಾಡಿದ್ದಾರೆ, ಕೋನಿ ಉಗಾಂಡ ಬಿಟ್ಟು ಆಗಲೇ ವರ್ಷಗಳಾಗಿವೆ, ಹಣ ಎಲ್ಲಿ ಖರ್ಚಾಗುತ್ತಿದೆ ಎಂಬ ಪ್ರಶ್ನೆಗಳು ಮುತ್ತಿಕೊಂಡವು. ಕೋನಿ ಸಿಕ್ಕಿಬೀಳಲಿಲ್ಲ.

ನೋಡಿದವರ ಲೆಕ್ಕದಲ್ಲಿ ಎರಡೂ ಅಗಾಧ. ವ್ಯತ್ಯಾಸ ಇದ್ದದ್ದು ನೋಡಿದವರು ಮುಂದೇನು ಮಾಡಬೇಕು ಎನ್ನುವುದರಲ್ಲಿ. ಬಕೆಟ್ ಸವಾಲಿನಲ್ಲಿ ಮಾಡಬೇಕಾದ್ದು ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು: ನೀರು ಸುರಿದುಕೊಳ್ಳಿ ಇಲ್ಲವೇ ದೇಣಿಗೆ ಕೊಡಿ, ಮತ್ತೆ ಮೂವರ ಹೆಸರು ಹೇಳಿ, ಅವರಿಗೆ 24 ಗಂಟೆ ಗಡುವು. ಕರೆಯುತ್ತಿದ್ದದ್ದು ಸಂಸ್ಥೆಯಲ್ಲ, ಗೆಳೆಯರು. ಹೆಸರು ಹಿಡಿದು ಕರೆದಾಗ ತಪ್ಪಿಸಿಕೊಳ್ಳುವುದು ಕಷ್ಟ. ಹಣ ಎಲ್ಲಿಗೆ ಹೋಗಬೇಕು ಎನ್ನುವುದೂ ಗೊತ್ತಿತ್ತು. ಕೋನಿ ವಿಡಿಯೊ ನೋಡಿದವರ ಮನಸ್ಸು ಕುದಿಯುತ್ತಿತ್ತು, ಕೈಗೆ ಮಾತ್ರ ಕೆಲಸವಿರಲಿಲ್ಲ. ದೂರದ ಕಾಡಿನಲ್ಲಿ ಅಡಗಿರುವ ಮನುಷ್ಯನನ್ನು ಗೋಡೆಯ ಪೋಸ್ಟರ್ ಹೇಗೆ ಹಿಡಿಯುತ್ತದೆ?

ಇದನ್ನು ಓದಿ ನಾವೂ ಒಂದು ಚಾಲೆಂಜ್ ಶುರುಮಾಡೋಣ ಎಂದುಕೊಳ್ಳುವವರಿಗೆ ಒಂದು ಮಾತು. ಬಕೆಟ್ ಸವಾಲನ್ನು ಕಚೇರಿಯಲ್ಲಿ ಕೂತು ಯಾರೂ ಯೋಜಿಸಿರಲಿಲ್ಲ. ರೋಗಿಗಳು ಮತ್ತು ಅವರ ಗೆಳೆಯರ ಬಳಗದಿಂದ ಅದು ಹಬ್ಬಿತು. ಮಾರನೆ ವರ್ಷ ಮತ್ತೆ ನಡೆಸಿದಾಗ ಮೊದಲ ಬಾರಿಯ ಹತ್ತಿರಕ್ಕೂ ಬರಲಿಲ್ಲ. ವೈರಲ್ ಆಗುವುದು ಮಳೆ ಇದ್ದಂತೆ, ಬಂದಾಗ ಹಿಡಿದಿಟ್ಟುಕೊಳ್ಳಬಹುದು, ಅದನ್ನೇ ನಂಬಿ ವರ್ಷದ ಬಜೆಟ್ ಬರೆಯಬಾರದು.

ಒಂದು ಪೋಸ್ಟನ್ನು ಬಿಚ್ಚಿ ನೋಡಿದರೆ

ನಮ್ಮ ಓದುವ ಗುಂಪಿಗೆ ವಾಪಸ್ ಬರೋಣ. ಅವರ ಮೊದಲ ಪೋಸ್ಟ್ ಬಹುಶಃ ಹೀಗಿರುತ್ತದೆ:

"ನಮ್ಮ ಸಂಸ್ಥೆಯ ವತಿಯಿಂದ ಧ್ವನಿಮುದ್ರಣ ಕಾರ್ಯಕ್ರಮವು ಗಣ್ಯರ ಉಪಸ್ಥಿತಿಯಲ್ಲಿ ಯಶಸ್ವಿಯಾಗಿ ನೆರವೇರಿತು. ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ಧನ್ಯವಾದಗಳು."

ಜೊತೆಗೆ ವೇದಿಕೆಯ ಮೇಲೆ ಸಾಲಾಗಿ ನಿಂತ ಒಂಬತ್ತು ಜನರ ಫೋಟೊ. ಕೆಲಸ ಏನು, ಯಾರಿಗಾಗಿ, ಓದಿದವರು ಈಗ ಏನು ಮಾಡಬಹುದು, ಒಂದೂ ಇಲ್ಲ. ಇದು ಪತ್ರಿಕಾ ಪ್ರಕಟಣೆಯ ಭಾಷೆ, ಓದುಗರಿಗೆ ಬರೆದದ್ದಲ್ಲ, ವೇದಿಕೆ ಮೇಲಿದ್ದವರಿಗೆ ಬರೆದದ್ದು. ಅದನ್ನೇ ಹೀಗೆ ಬರೆದರೆ:

"ಪರೀಕ್ಷೆಗೆ ಇನ್ನು 23 ದಿನ. ಅರ್ಥಶಾಸ್ತ್ರದ 11 ಅಧ್ಯಾಯಗಳು ಇನ್ನೂ ಕಾಗದದ ಮೇಲೇ ಇವೆ. ಒಂದು ಅಧ್ಯಾಯ ಓದಲು 40 ನಿಮಿಷ ಸಾಕು. ಮೊಬೈಲ್ ಇದ್ದರಾಯಿತು, ಸದ್ದಿಲ್ಲದ ಕೋಣೆ ಇದ್ದರಾಯಿತು. ಒಂದು ಅಧ್ಯಾಯ ನಾನು ಓದುತ್ತೇನೆ ಎನ್ನುವವರು ಕೆಳಗೆ 'ಓದುತ್ತೇನೆ' ಎಂದು ಬರೆಯಿರಿ. ಪುಟಗಳನ್ನು ಇಂದೇ ಕಳಿಸುತ್ತೇವೆ."

ಇಲ್ಲಿ ಗಡುವಿದೆ, ಅಳತೆಯಿದೆ, ಕೇಳಿದ್ದು ಒಂದೇ ಕೆಲಸ. ಅದನ್ನು ಮಾಡಲು ಬೇರೆ ಕಡೆಗೆ ಹೋಗಬೇಕಿಲ್ಲ. ಜಾಹೀರಾತಿನವರು ಇದನ್ನು ಕಾಲ್ ಟು ಆಕ್ಷನ್ ಎನ್ನುತ್ತಾರೆ, ನಾವು ಕರೆ ಎಂದರೆ ಸಾಕು. ಒಂದು ಪೋಸ್ಟಿಗೆ ಒಂದೇ ಕರೆ ಇರಲಿ. ಲೈಕ್ ಮಾಡಿ, ಶೇರ್ ಮಾಡಿ, ದೇಣಿಗೆ ಕೊಡಿ, ಸದಸ್ಯರಾಗಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಎಂದು ಐದು ಕೇಳಿದರೆ ಜನ ಐದನ್ನೂ ಬಿಟ್ಟು ಮುಂದೆ ಸರಿಯುತ್ತಾರೆ.

ಅಂಕಿ ಬಳಸುವಾಗ ಒಂದು ಎಚ್ಚರ ಬೇಕು. ಸ್ಮಾಲ್, ಲೋವೆನ್‌ಸ್ಟೀನ್ ಮತ್ತು ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೆಲವರಿಗೆ ಆಫ್ರಿಕಾದ ಹಸಿವಿನ ಅಂಕಿಅಂಶ ಕೊಟ್ಟು ದೇಣಿಗೆ ಕೇಳಿದರು, ಕೆಲವರಿಗೆ ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಕಥೆ ಹೇಳಿ ಕೇಳಿದರು. ಹುಡುಗಿಯ ಕಥೆ ಓದಿದವರು ಹೆಚ್ಚು ಕೊಟ್ಟರು. ಬೆರಗಿನ ಸಂಗತಿ ಮುಂದಿದೆ: ಕಥೆಯ ಜೊತೆಗೆ ಅಂಕಿಅಂಶವನ್ನೂ ಸೇರಿಸಿದಾಗ ದೇಣಿಗೆ ಇಳಿಯಿತು. ಲಕ್ಷಗಟ್ಟಲೆ ಎಂದ ಕೂಡಲೇ ನನ್ನೊಬ್ಬನಿಂದ ಏನಾದೀತು ಎಂಬ ಭಾವ ಮೂಡುತ್ತದೆ. ಮೇಲಿನ ಪೋಸ್ಟ್‌ನಲ್ಲಿರುವ 23, 11, 40 ಹಾಗೆ ಮಾಡುವುದಿಲ್ಲ, ಅವು ಒಬ್ಬರ ಕೈಗೆ ಎಟಕುವ ಸಂಖ್ಯೆಗಳು.

ಫೋಟೊದಲ್ಲಿರುವ ಮುಖ ಯಾರದು?

ಒಬ್ಬರ ಕಥೆ ಹೇಳಿದರೆ ಜನ ಕೊಡುತ್ತಾರೆ ಎಂದು ಗೊತ್ತಾದ ತಕ್ಷಣ ಅಪಾಯವೂ ಶುರುವಾಗುತ್ತದೆ. ಅಳುವ ಮಗುವಿನ ಮುಖ, ಹರಿದ ಬಟ್ಟೆ, ಚಾಚಿದ ಕೈ. ನಾರ್ವೆಯ ವಿದ್ಯಾರ್ಥಿಗಳ ಎಸ್‌ಎಐಎಚ್ ಎಂಬ ಸಂಘಟನೆ 2012ರಲ್ಲಿ ಇಂಥ ಚಿತ್ರಗಳನ್ನು ಅಣಕಿಸಿ ಒಂದು ವಿಡಿಯೊ ಮಾಡಿತು. ಅದರಲ್ಲಿ ಆಫ್ರಿಕಾದ ಜನ, ಚಳಿಯಲ್ಲಿ ನಡುಗುವ "ಬಡಪಾಯಿ" ನಾರ್ವೆಯವರಿಗೆ ರೂಮ್ ಹೀಟರ್‌ಗಳನ್ನು ಕೂಡಿಸಿ ಕಳಿಸುತ್ತಾರೆ. ನಕ್ಕು ಮುಗಿದ ಮೇಲೆ, ಒಂದಿಡೀ ಜನಸಮುದಾಯವನ್ನು ಒಂದೇ ದೀನ ಚಿತ್ರದಲ್ಲಿ ತೋರಿಸಿದರೆ ಅವರಿಗೆ ಹೇಗನ್ನಿಸೀತು ಎಂಬ ಪ್ರಶ್ನೆ ಉಳಿಯುತ್ತದೆ.

ಒಪ್ಪಿಗೆ ಎಂದರೆ ಫಾರಂ ಮೇಲಿನ ಸಹಿ ಮಾತ್ರ ಅಲ್ಲ. ನೆರವು ಪಡೆಯುತ್ತಿರುವವರು ನೆರವು ಕೊಡುವವರ ಮುಂದೆ "ಬೇಡ" ಎನ್ನುವುದು ಕಷ್ಟ. ಆದ್ದರಿಂದ ಫೋಟೊ ಬೇಡವೆಂದರೂ ನೆರವು ನಿಲ್ಲುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಎಲ್ಲಿ ಹಾಕುತ್ತೀರಿ, ಯಾರು ಯಾರು ನೋಡಬಹುದು ಎಂದು ಅವರ ಭಾಷೆಯಲ್ಲಿ ತಿಳಿಸಬೇಕು. ನಾಳೆ ತೆಗೆಯಿರಿ ಎಂದರೆ ತೆಗೆಯಬೇಕು. ಮಕ್ಕಳಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನ ಇಷ್ಟವನ್ನೂ ಕೇಳಿ. ಹೆಸರು, ಶಾಲೆ, ಮನೆ ಇರುವ ಜಾಗ ಒಟ್ಟಿಗೆ ಕಾಣುವಂತೆ ಹಾಕಲೇಬೇಡಿ. ಮೊಬೈಲ್ ಫೋಟೊಗಳ ಒಳಗೆ ತೆಗೆದ ಜಾಗದ ಮಾಹಿತಿಯೂ ಅಡಗಿರಬಹುದು, ಫೈಲನ್ನು ಹಾಗೇ ಹಂಚುವ ಮುನ್ನ ಅದನ್ನು ಅಳಿಸಿ.

ಎಷ್ಟೋ ಸಲ ಮುಖದ ಅಗತ್ಯವೇ ಇರುವುದಿಲ್ಲ. ಓದುವ ಗುಂಪಿನ ವಿಷಯದಲ್ಲಿ, ಇಯರ್‌ಫೋನ್ ಹಾಕಿಕೊಂಡ ವಿದ್ಯಾರ್ಥಿಯ ಕೈ ಬ್ರೈಲ್ ಹಾಳೆಯ ಮೇಲೆ ಓಡುತ್ತಿರುವ ಚಿತ್ರ ಒಂದು ಮುಖಕ್ಕಿಂತ ಹೆಚ್ಚು ಹೇಳೀತು.

ಅಂದಹಾಗೆ, ಕಣ್ಣು ಕಾಣದವರಿಗಾಗಿ ದುಡಿಯುವ ಸಂಸ್ಥೆಯ ಪೋಸ್ಟೇ ಅವರಿಗೆ ಓದಲಾಗದಂತಿದ್ದರೆ? ಅಕ್ಷರಗಳನ್ನೆಲ್ಲ ಚಿತ್ರದೊಳಗೆ ತುಂಬಿದ ಪೋಸ್ಟರ್ ಮುಂದೆ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಬಹಳ ಸಲ ತೊದಲುತ್ತದೆ. ಫೋಟೊ ಏರಿಸುವಾಗ ಆಲ್ಟ್ ಟೆಕ್ಸ್ಟ್ ಎಂಬ ಜಾಗದಲ್ಲಿ ಚಿತ್ರದಲ್ಲಿ ಏನಿದೆ ಎಂದು ಒಂದು ಸಾಲು ಬರೆದರೆ ಅದು ಗಟ್ಟಿಯಾಗಿ ಓದುತ್ತದೆ. ವಿಡಿಯೊಗೆ ಕೆಳಸಾಲು, ಅಂದರೆ ಸಬ್‌ಟೈಟಲ್, ಕೊಟ್ಟರೆ ಕಿವಿ ಕೇಳದವರಿಗೂ, ಬಸ್ಸಿನಲ್ಲಿ ಸದ್ದು ಬಂದ್ ಮಾಡಿಕೊಂಡು ನೋಡುವವರಿಗೂ ಅನುಕೂಲ.

ಎಲ್ಲಿರಬೇಕು, ಎಷ್ಟು ಖರ್ಚು

ಎಲ್ಲ ಕಡೆ ಇರಬೇಕಿಲ್ಲ. ನಿಮಗೆ ಬೇಕಾದವರು ಎಲ್ಲಿದ್ದಾರೆ ಎಂದು ಈಗಿರುವ ಹತ್ತು ಬೆಂಬಲಿಗರನ್ನೇ ಕೇಳಿ. ಚಿತ್ರವಿದ್ದರೆ ಇನ್‌ಸ್ಟಾಗ್ರಾಮ್, ಉದ್ದದ ವಿವರಣೆಗೆ ಯೂಟ್ಯೂಬ್, ಕಂಪನಿಗಳ ನೆರವು ಬೇಕಿದ್ದರೆ ಲಿಂಕ್ಡ್‌ಇನ್, ಈಗಾಗಲೇ ಪರಿಚಯವಿರುವವರ ಜೊತೆಗೆ ವಾಟ್ಸ್‌ಆ್ಯಪ್. ಒಂದನ್ನು ಚೆನ್ನಾಗಿ ನಡೆಸಿ, ಎರಡನೆಯದರ ಯೋಚನೆ ಆಮೇಲೆ. ಹಣ ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತಲುಪಿಸುವುದಕ್ಕೆ ಬೂಸ್ಟ್ ಎನ್ನುತ್ತಾರೆ. ಮೊದಲೇ ಜನ ಸ್ಪಂದಿಸಿದ ಪೋಸ್ಟ್‌ಗೆ ಸಣ್ಣ ಮೊತ್ತ ಹಾಕಿ ನೋಡಬಹುದು. ಯಾರೂ ನೋಡದ ಪೋಸ್ಟ್‌ಗೆ ಹಣ ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನೋಂದಾಯಿತ, ಅರ್ಹ ಸಂಸ್ಥೆಗಳಿಗೆ ಗೂಗಲ್ ತನ್ನ ಆ್ಯಡ್ ಗ್ರಾಂಟ್ಸ್ ಯೋಜನೆಯಲ್ಲಿ ತಿಂಗಳಿಗೆ 10,000 ಡಾಲರ್ ಮೌಲ್ಯದವರೆಗೆ ಹುಡುಕಾಟದ ಜಾಹೀರಾತನ್ನು ಉಚಿತವಾಗಿ ಕೊಡುತ್ತದೆ ಎನ್ನುವುದು ಸಣ್ಣ ಸಂಸ್ಥೆಗಳಲ್ಲಿ ಹಲವರಿಗೆ ಗೊತ್ತಿಲ್ಲ.

ಕೀಲಿ ಯಾರ ಕೈಯಲ್ಲಿದೆ?

2011ರ ಫೆಬ್ರವರಿಯ ಒಂದು ರಾತ್ರಿ ಅಮೆರಿಕದ ರೆಡ್ ಕ್ರಾಸ್‌ನ ಟ್ವಿಟರ್ ಖಾತೆಯಿಂದ ಬಿಯರ್ ಕುಡಿಯುವ ಖುಷಿಯ ಬಗ್ಗೆ ಒಂದು ಟ್ವೀಟ್ ಹೊರಬಿತ್ತು. ಸಿಬ್ಬಂದಿಯೊಬ್ಬರು ಸ್ವಂತ ಖಾತೆ ಎಂದುಕೊಂಡು ಸಂಸ್ಥೆಯ ಖಾತೆಯಲ್ಲಿ ಹಾಕಿಬಿಟ್ಟಿದ್ದರು. ರೆಡ್ ಕ್ರಾಸ್ ಅದನ್ನು ಅಳಿಸಿ, ತಪ್ಪಾಯಿತೆಂದು ಮುಚ್ಚಿಡದೆ, ರೆಡ್ ಕ್ರಾಸ್ ನಶೆಯಲ್ಲಿಲ್ಲ, ಕೀಲಿಕೈ ಕಿತ್ತುಕೊಂಡಿದ್ದೇವೆ ಎಂಬ ಅರ್ಥದ ತಮಾಷೆಯ ಉತ್ತರ ಹಾಕಿತು. ಜನ ನಕ್ಕರು. ಆ ಟ್ವೀಟಿನಲ್ಲಿ ಹೆಸರಿದ್ದ ಬಿಯರ್ ಕಂಪನಿಯೇ ರೆಡ್ ಕ್ರಾಸ್‌ಗೆ ದೇಣಿಗೆ ಕೊಡಿ ಎಂದು ತನ್ನ ಅಭಿಮಾನಿಗಳಿಗೆ ಹೇಳಿತು. ಬೇಗ ಒಪ್ಪಿಕೊಂಡರೆ ತಪ್ಪು ಬೆಳೆಯುವುದಿಲ್ಲ.

ಸಣ್ಣ ಸಂಸ್ಥೆಗಳಲ್ಲಿ ತೊಂದರೆ ಇದಕ್ಕಿಂತ ಸಪ್ಪೆಯಾಗಿರುತ್ತದೆ. ಖಾತೆ ತೆರೆದ ಹುಡುಗಿ ಬೇರೆ ಕೆಲಸ ಸಿಕ್ಕಿ ಹೋಗಿರುತ್ತಾಳೆ, ಪಾಸ್‌ವರ್ಡ್ ಅವಳ ಫೋನ್‌ನಲ್ಲಿ, ಓಟಿಪಿ ಅವಳ ನಂಬರಿಗೆ. ಹಾಗಾಗಿ ಖಾತೆ ಸಂಸ್ಥೆಯ ಇಮೇಲ್‌ನಲ್ಲಿರಲಿ, ಅಡ್ಮಿನ್‌ಗಳು ಕನಿಷ್ಠ ಇಬ್ಬರಿರಲಿ, ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುವ ವ್ಯವಸ್ಥೆ, ಚಾಲೂ ಇರಲಿ. ನಿಮ್ಮದೇ ಲೋಗೊ ಕದ್ದು ನಕಲಿ ಖಾತೆ ತೆರೆದು ದೇಣಿಗೆ ಕೇಳುವವರೂ ಇದ್ದಾರೆ. ಅಧಿಕೃತವಾಗಿ ಹಣ ಸ್ವೀಕರಿಸುವ ದಾರಿ ಯಾವುದು ಎನ್ನುವುದನ್ನು ಪೇಜಿನ ಮೇಲ್ಭಾಗದಲ್ಲೇ ಬರೆದಿಡಿ.

ಕಮೆಂಟಿಗೆ ಯಾರು ಉತ್ತರಿಸುತ್ತಾರೆ ಎನ್ನುವುದನ್ನೂ ಮೊದಲೇ ಗೊತ್ತುಮಾಡಿ. "ನನ್ನ ಹಣ ಎಲ್ಲಿ ಹೋಯಿತು?" ಎಂದು ಖಾರವಾಗಿ ಕೇಳಿದವರ ಕಮೆಂಟ್ ಅಳಿಸಿದರೆ ಅನುಮಾನ ಹತ್ತು ಜನಕ್ಕೆ ಹಬ್ಬುತ್ತದೆ. ಲೆಕ್ಕ ಕೊಟ್ಟು ಉತ್ತರಿಸಿದರೆ ಕೇಳದೆ ಸುಮ್ಮನಿದ್ದ ಹತ್ತು ಜನಕ್ಕೂ ಉತ್ತರ ಸಿಕ್ಕಂತೆ. ಬೈಗುಳ, ಬೆದರಿಕೆಯನ್ನು ಮಾತ್ರ ತೆಗೆಯಿರಿ.

ತಿಂಗಳ ಕೊನೆಯ ಪುಟ

ಅಳೆಯಲು ದುಬಾರಿ ತಂತ್ರಾಂಶ ಬೇಡ, ನೋಟ್‌ಬುಕ್‌ನ ಒಂದು ಪುಟ ಸಾಕು. ಓದುವ ಗುಂಪು ಬರೆದಿಡಬೇಕಾದ್ದು: ಈ ತಿಂಗಳು ಎಷ್ಟು ಜನ "ಓದುತ್ತೇನೆ" ಎಂದರು, ಅವರಲ್ಲಿ ಎಷ್ಟು ಜನ ರೆಕಾರ್ಡಿಂಗ್ ಕಳಿಸಿದರು, ಹೋದ ತಿಂಗಳು ಓದಿದವರಲ್ಲಿ ಎಷ್ಟು ಜನ ಮತ್ತೆ ಬಂದರು. ಹೊಸಬರು ಸಿಕ್ಕಾಗ "ನಮ್ಮ ಬಗ್ಗೆ ಎಲ್ಲಿ ಗೊತ್ತಾಯಿತು?" ಎಂಬ ಒಂದು ಪ್ರಶ್ನೆ ತಪ್ಪಿಸಬೇಡಿ.

ಮೂರನೆಯ ಅಂಕಿಯ, ಅಂದರೆ ಮತ್ತೆ ಬಂದವರ ಸಂಖ್ಯೆಯ, ಕೈಹಿಡಿಯುವುದು ಕೆಲಸ ಮುಗಿದ ಮೇಲಿನ ಪೋಸ್ಟ್. ಸಂಸ್ಥೆಗಳು ಕೇಳುವಾಗ ಹತ್ತು ಸಲ ಬರೆದು, ಸಿಕ್ಕ ಮೇಲೆ ಮೌನವಾಗಿಬಿಡುತ್ತವೆ. 11 ಅಧ್ಯಾಯಗಳೂ ಮುಗಿದವು, ಪರೀಕ್ಷೆಗೆ ನಾಲ್ಕು ದಿನ ಮೊದಲೇ ವಿದ್ಯಾರ್ಥಿಗಳ ಫೋನ್ ಸೇರಿದವು ಎಂದು ತಿಳಿಸಿ, ಅನುಮತಿ ಪಡೆದು ಓದಿದವರ ದನಿಯ ಇಪ್ಪತ್ತು ಸೆಕೆಂಡಿನ ತುಣುಕು ಹಾಕಿದರೆ, ಕೊಟ್ಟ 40 ನಿಮಿಷ ಎಲ್ಲಿಗೆ ಹೋಯಿತು ಎಂದು ಓದಿದವರು ಕಿವಿಯಾರೆ ಕೇಳುತ್ತಾರೆ.

ಆ ಪುಟವನ್ನು ಜಾಲತಾಣ ತೋರಿಸುವ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ ಕೆಲವೊಮ್ಮೆ ನಗು ಬರುತ್ತದೆ. ತಿಂಗಳಲ್ಲೇ ಅತಿ ಹೆಚ್ಚು ಲೈಕ್ ಸಿಕ್ಕಿರುವುದು ಮೈಕಿನ ಪಕ್ಕ ಮಲಗಿದ ಬೆಕ್ಕಿಗಿರುತ್ತದೆ, ಅದರಿಂದ ಒಬ್ಬ ಓದುಗರೂ ಬಂದಿರುವುದಿಲ್ಲ. ಬೆಕ್ಕನ್ನೇನೂ ಕೈಬಿಡಬೇಕಿಲ್ಲ. ಮುಂದಿನ ಸಲ ಅದರ ಫೋಟೊ ಕೆಳಗೆ ಇನ್ನೆಷ್ಟು ಅಧ್ಯಾಯ ಬಾಕಿ ಎಂದು ಬರೆದರಾಯಿತು.